ಡಬ್ಬಿಯ ಮೇಲೆ ಕೊರೆಸಿದ ಹೆಸರು

ಸ್ಟೀಲ್ ಡಬ್ಬಿಯನ್ನು ಕೈಗೆ ತೆಗೆದುಕೊಂಡಾಗ ಅದರ ಅಂಚಿನ ಕೆಳಗೆ ಕೊರೆಸಿದ್ದ ನನ್ನ ಹೆಂಡತಿಯ ಹೆಸರು ಕಂಡಿತು. ಸುಶೀಲಾ ತೀರಿಕೊಂಡು ಏಳು ತಿಂಗಳಾಗಿತ್ತು. ಡಬ್ಬಿ ತಂದ ಹೆಂಗಸು ಯಾರೆಂದೇ ನನಗೆ ಗೊತ್ತಿರಲಿಲ್ಲ.

ಬೀದರಿನಲ್ಲಿ ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ ನನ್ನ ಪಿತ್ತಕೋಶ ತೆಗೆದಿದ್ದರು. ಭಾಲ್ಕಿಗೆ ಮರಳಿ ನಾಲ್ಕು ದಿನವಾಗಿತ್ತು. ಎಣ್ಣೆ, ಖಾರ ಬಿಟ್ಟು ಮೆತ್ತಗಿನದನ್ನು ಸ್ವಲ್ಪ ಸ್ವಲ್ಪವಾಗಿ ಉಣ್ಣಿ ಎಂದಿದ್ದರು ಡಾಕ್ಟರು. ಒಬ್ಬನಿಗಾಗಿ ಒಲೆ ಹಚ್ಚುವ ಮನಸ್ಸಾಗದೆ ಚಹಾ, ಬಿಸ್ಕತ್ತಿನಲ್ಲೇ ದಿನ ದೂಡಿದ್ದೆ. ಎದ್ದು ನಿಂತರೆ ತಲೆ ತಿರುಗುತ್ತಿತ್ತು.

“ಈ ಡಬ್ಬಿ ನಿಮ್ಮ ಕಡೆ ಹ್ಯಾಂಗ ಬಂತ್ರಿ?” ಎಂದೆ.

“ಮೊದಲ ನಾವು ಹಿಂದಿನ ಓಣ್ಯಾಗ ಬಾಡಿಗಿ ಇದ್ವಿರಿ ಅಣ್ಣಾರ. ನನಗೂ ಇದೇ ಆಪರೇಷನ್ ಆದಾಗ ಅಕ್ಕಾರು ದಿನಾ ಇದರಾಗ ಜೋಳದ ನುಚ್ಚು ತರ್ತಿದ್ರು. ಖಾಲಿ ಡಬ್ಬಿ ಹ್ಯಾಂಗ ವಾಪಸ್ ಕೊಡೋದಂತ ಇಟ್ಕೊಂಡೆ. ಅಷ್ಟರಾಗ ಔರಾದಕ್ಕ ಹೋದ್ವಿ. ಈಗ ಇಲ್ಲಿ ತಂಗಿ ಮನಿಗೆ ಬರೋವಾಗ ನಿಮ್ಮ ಸುದ್ದಿ ಕೇಳಿ ನುಚ್ಚು ತುಂಬ್ಕೊಂಡು ತಂದೇನ್ರಿ. ಸಪ್ಪಗ ಅದ ಅಂತ ಮಾರಿ ಕಿವುಚಬ್ಯಾಡ್ರಿ ಮತ್ತ. ನಾ ಕಿವುಚಿ ಅಕ್ಕಾರ ಕಡಿಂದ ಬೈಸ್ಕೊಂಡೇನಿ.”

ನುಚ್ಚು, ಹೆಸರುಬೇಳೆ, ಚಿಟಿಕೆ ಜೀರಿಗೆ, ಉಪ್ಪು, ಇಷ್ಟೇ. ರುಚಿ ಮಾತ್ರ ಸುಶೀಲಾಳ ಕೈಯದೇ. ತಳ ಕಾಣುವವರೆಗೆ ಉಂಡೆ.

ಈ ವಿಷಯ ಅವಳು ನನಗೆ ಹೇಳಿರಲೇ ಇಲ್ಲ. ತವರಿನವರು ಕೊಟ್ಟ ಅವಳ ಐದು ಡಬ್ಬಿಗಳಲ್ಲಿ ಇದೂ ಸೇರಿ ಈಗ ಮನೆಯಲ್ಲಿ ಮೂರಿವೆ. ಉಳಿದೆರಡು ಯಾರ ಮನೆಯಲ್ಲಿವೆಯೋ ಎಂದು ದಿನಾ ನುಚ್ಚು ಬೇಯಿಸಿಕೊಳ್ಳುವಾಗ ಯೋಚಿಸುತ್ತೇನೆ.