ಅವರ ಬೈರಾಸು, ಮಗುವಿನ ಬಾಸು

ನಮ್ಮವರು ತೀರಿಕೊಂಡ ಮೇಲೆ ಅವರ ಅಂಗಿ, ಪಂಚೆಗಳನ್ನೆಲ್ಲ ಮಗ ಗಂಟು ಕಟ್ಟಿ ಯಾರಿಗೋ ಕೊಟ್ಟುಬಂದ. ಉಳಿದದ್ದು ಒಂದು ಬೈರಾಸು ಮಾತ್ರ. ಹೆಗಲ ಮೇಲೆ ಹಾಕಿಕೊಳ್ಳಲೆಂದು ಅವರು ಉಡುಪಿಯಿಂದ ತರಿಸುತ್ತಿದ್ದ, ಕೆಂಪು ಅಂಚಿನ ತೆಳು ಹತ್ತಿಯ ಬಟ್ಟೆ. ಮೊಮ್ಮಗ ಬಿಟ್ಟುಕೊಡಲಿಲ್ಲವೆಂದು ಅದೊಂದು ಉಳಿಯಿತು.

ನಮ್ಮವರು ಆಯುಷ್ಯವಿಡೀ ಹೋಟೆಲಿನಲ್ಲಿ ದುಡಿದವರು. ನಸುಕಿಗೆ ಹೋದರೆ ಮಕ್ಕಳು ಮಲಗಿದ ಮೇಲೆಯೇ ಬರುವುದು. ಹಾಗಾಗಿ ಸ್ವಂತ ಮಕ್ಕಳನ್ನು ಎತ್ತಿ ಆಡಿಸಿದ್ದು ಕಡಿಮೆ. ಆ ಬಾಕಿಯನ್ನೆಲ್ಲ ಮೊಮ್ಮಗನ ಮೇಲೆ ತೀರಿಸಿಕೊಂಡರು. ಮಗ ಆಫೀಸಿಗೆ, ಸೊಸೆ ಮಹಾಪೆಯ ತನ್ನ ಕೆಲಸಕ್ಕೆ ಹೊರಟ ಮೇಲೆ ಮಗು ಇವರದೇ. ಊಟವಾದೊಡನೆ ಅವನನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಡೊಂಬಿವಲಿ ಮನೆಯ ಹಾಲಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಮಗು ಬೈರಾಸಿನ ತುದಿಯನ್ನು ಮುದುರಿ ಮೂಗಿಗೆ ಒತ್ತಿಕೊಂಡು ನಿದ್ದೆಹೋಗುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು ‘ಬಾಸು’.

ಅಜ್ಜ ಹೋದ ಹೊಸತರಲ್ಲಿ ಬಾಗಿಲ ಸದ್ದಾದರೆ ಸಾಕು, ಓಡಿಹೋಗಿ ನೋಡುತ್ತಿದ್ದ. ಆಮೇಲೆ ಓಡುವುದನ್ನು ಬಿಟ್ಟ. ಬಾಸುವನ್ನು ಮಾತ್ರ ಬಿಡಲಿಲ್ಲ. ಒಗೆದರೆ ಅಳುತ್ತಿದ್ದ; ಒಗೆಯಲು ನನಗೂ ಮನಸ್ಸಿರಲಿಲ್ಲ. ಅವರ ಬೆವರು, ಮೊಣಕಾಲಿಗೆ ಹಚ್ಚುತ್ತಿದ್ದ ಎಣ್ಣೆ, ಎರಡೂ ಸೇರಿದ ಒಂದು ವಾಸನೆ ಅದರಲ್ಲಿತ್ತು. ಮಗು ಮಲಗಿದ ಮೇಲೆ ಮಡಚಿಡುವ ನೆಪದಲ್ಲಿ ನಾನೂ ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಬೇಲಾಪುರದಲ್ಲಿ ನೆಂಟರ ಮಗುವಿನ ನಾಮಕರಣ. ಥಾಣೆಯಲ್ಲಿ ಇಳಿದು ಗಾಡಿ ಬದಲಿಸಬೇಕು. ಸೇತುವೆಯ ಮೇಲೆ ಕಾಲಿಡಲು ಜಾಗವಿಲ್ಲದ ಜನ. ಮಗು ಅಪ್ಪನ ಹೆಗಲ ಮೇಲೆ ನಿದ್ದೆಯಲ್ಲಿತ್ತು. ಪನ್ವೇಲ್ ಗಾಡಿ ಹತ್ತಿ ಕೂತು, ಐರೋಲಿ ದಾಟಿದ ಮೇಲೆ ಸೊಸೆ ನೋಡಿದಳು: ಮಗುವಿನ ಮುಷ್ಟಿ ಬಿಚ್ಚಿಕೊಂಡಿತ್ತು, ಬೈರಾಸು ಇರಲಿಲ್ಲ.

ಮಗ ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಥಾಣೆಗೆ ಮರಳಿದ. ಸೇತುವೆ, ಮೆಟ್ಟಿಲು, ಪ್ಲಾಟ್‌ಫಾರ್ಮು ಎಲ್ಲ ಹುಡುಕಿ, ಗುಡಿಸುವವರನ್ನೂ ಕೇಳಿ, ನಾಮಕರಣದ ಊಟ ಮುಗಿಯುವ ಹೊತ್ತಿಗೆ ಬರಿಗೈಯಲ್ಲಿ ಬಂದ. ಅಷ್ಟರಲ್ಲಿ ಅತ್ತು ಅತ್ತು ನಮ್ಮ ಮಗುವಿನ ಸ್ವರ ಬಿದ್ದುಹೋಗಿತ್ತು. ಯಾರೋ ಹೊಸ ಟವೆಲು ಕೊಟ್ಟರೆ ಎಸೆದ. ನೆಂಟರ ಹೆಂಗಸೊಬ್ಬರು, “ಬಟ್ಟೆ ತುಂಡಿಗೆ ಇಷ್ಟು ಅಳುದಾ?” ಎಂದು ನಕ್ಕರು. ನಾನು ಎದ್ದು ಆಚೆ ಹೋದೆ.

ಮರುದಿನ ಮಗುವನ್ನು ನೆರೆಮನೆಯಾಕೆಯ ಬಳಿ ಬಿಟ್ಟು, ತರಕಾರಿಗೆಂದು ಹೇಳಿ ಥಾಣೆಗೆ ಹೋದೆ. ಒಬ್ಬಳೇ ರೈಲು ಹತ್ತಿ ಎಷ್ಟೋ ಕಾಲವಾಗಿತ್ತು. ಸೇತುವೆಯ ಕಂಬಿ ಹಿಡಿದು, ಹೋಗುವ ಬರುವವರ ಕಾಲುಗಳ ನಡುವೆ ನೋಡುತ್ತ ನಿಂತೆ. ಮೆಟ್ಟಿಲ ಮೂಲೆಯಲ್ಲಿ ತುಳಿಸಿಕೊಂಡು ಕಪ್ಪಾದ ಬಟ್ಟೆಯೊಂದು ಕಂಡಿತು. ಬಗ್ಗಿ ಎತ್ತಿ ಬಿಡಿಸಿದೆ. ಯಾರದೋ ನೀಲಿ ಓಢಣಿ. ಅದನ್ನು ಬಿಸಾಡಲೂ ಆಗದೆ ಮಡಚಿ ಕಂಬಿಯ ಮೇಲೆ ಹಾಕಿ ಬಂದೆ.

ಸೊಸೆಗೆ ನೆರೆಯಾಕೆ ಹೇಳಿಬಿಟ್ಟಿದ್ದಳು, ಬರುವಾಗ ನನ್ನ ಕೈಯಲ್ಲಿ ತರಕಾರಿ ಇರಲಿಲ್ಲವೆಂದು. ಸಂಜೆ ಕೆಲಸದಿಂದ ಬಂದವಳು ನನ್ನ ಪಕ್ಕ ಕೂತಳು. ಅವಳು ಮೈಸೂರಿನವಳು, ಮೆಲ್ಲಗೆ ಮಾತಾಡುವವಳು.

“ಅತ್ತೆ, ಥಾಣೆಗೆ ಹೋಗಿದ್ರಾ?”

“ಮಗು ಕೂಗ್ತಾ ಉಂಟಲ್ಲ, ಅದಕ್ಕೆ.”

“ಮಗುಗೋಸ್ಕರ ಮಾತ್ರಾನಾ ಅತ್ತೆ?”

ಅವರು ಸತ್ತ ದಿನ, ಉತ್ತರಕ್ರಿಯೆಯ ಬೊಜ್ಜದ ದಿನ, ಬಂದವರನ್ನು ನೋಡಿಕೊಳ್ಳುವುದರಲ್ಲೇ ನನಗೆ ಅಳಲು ಬಿಡುವಾಗಿರಲಿಲ್ಲ. ಈಗ ಒಂದೇ ಸಮನೆ ಬಂತು. ಮಗು ಆಟ ಬಿಟ್ಟು ಬಂದು ನನ್ನ ಮೊಣಕಾಲು ಹಿಡಿದು ನಿಂತಿತು. ಕನ್ನಡ ಅರ್ಥವಾದರೂ ಅವನ ಬಾಯಲ್ಲಿ ಬರುವುದು ಹಿಂದಿಯೇ. “ಅಜ್ಜಿ, ತುಮ್ಹಾರಾ ಭೀ ಖೋ ಗಯಾ?” ಎಂದ. ನಿನ್ನದೂ ಕಳೆದುಹೋಯಿತಾ ಎಂದು ಕೇಳುತ್ತಿದ್ದ.

“ಹೌದು ಮಗ,” ಎಂದೆ.

ಊರಿಂದ ಅಂಥದೇ ಬೈರಾಸು ತರಿಸಿದೆವು. ಮೂಸಿ ನೋಡಿ, “ಯೇ ಬಾಸು ನಹೀ,” ಎಂದು ನನ್ನ ಕೈಗೇ ಕೊಟ್ಟ. ಅದು ಕಪಾಟಿಗೆ ಹೋಯಿತು. ಕೆಲವು ವಾರ ನನ್ನ ಸೆರಗಿನ ತುದಿ ಹಿಡಿದು ಮಲಗಿದ. ಮುಚ್ಚಿದ ಕಣ್ಣಲ್ಲೇ ಆ ತುದಿಯಲ್ಲಿ ಏನನ್ನೋ ಹುಡುಕುವವನಂತೆ ಬೆರಳಾಡಿಸುತ್ತಿದ್ದ. ನಾನು ಅಲುಗಾಡದೆ ಕೂತಿರುತ್ತಿದ್ದೆ. ಬರಬರುತ್ತ ಸೆರಗೂ ಬೇಡವಾಯಿತು.

ಈಗ ಶಾಲೆಗೆ ಹೋಗುತ್ತಾನೆ. ಮೊನ್ನೆ ಸೊಸೆಯ ಮೊಬೈಲಿನಲ್ಲಿ ಹಳೆಯ ಫೋಟೊ ನೋಡುತ್ತ, “ಅಜ್ಜ,” ಎಂದು ಗುರುತಿಸಿದ. ಅವರ ಹೆಗಲನ್ನು ತೋರಿಸಿ, “ಇದು ನಿನ್ನ ಬಾಸು ಅಲ್ವಾ ಮಗ?” ಎಂದೆ.

“ಬಾಸು ಮತ್ಲಬ್?” ಎಂದು ಕೇಳಿದ. ಹಾಗೆಂದರೆ ಏನು ಎಂದು. ನಾನು ಹೇಳುವಷ್ಟರಲ್ಲಿ ಕೆಳಗಿನಿಂದ ಗೆಳೆಯರು ಕರೆದರು. ಚಪ್ಪಲಿ ಮೆಟ್ಟಿ ಓಡಿದ.

“ಮರೆತದ್ದು ಒಳ್ಳೇದೇ ಆಯ್ತು,” ಎಂದು ಸೊಸೆಗೆ ಹೇಳಿದೆ. ನಾನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.