ಪಟ್ಟಿಯಕ್ಕನ ಮರಗಟ್ಟಿದ ಬೆರಳುಗಳು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಹಿಂಬದಿಯ ಕಾರ್ಯಾಗಾರದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಬಕೆಟ್ಟಿನಲ್ಲಿ ಪ್ಲಾಸ್ಟರ್ ಪಟ್ಟಿ ನೆನೆಸುತ್ತಿದ್ದಾರೆ. ಹಿಂಡಿದ ಪಟ್ಟಿಯನ್ನು ಸ್ಟೂಲಿನ ಮೇಲೆ ಕುಳಿತವರ ಮೊಂಡುಗಾಲಿಗೆ ಸುತ್ತಿ, ಅಂಗೈಯಿಂದ ಸವರುತ್ತಾರೆ. ಗಟ್ಟಿಯಾದ ಮೇಲೆ ಕಳಚಿದರೆ ಅಚ್ಚು ಸಿದ್ಧ. ಕೃತಕ ಕಾಲಿನಲ್ಲಿ ಮೊಂಡುಗಾಲು ಕೂರುವ ಬಟ್ಟಲು ತಯಾರಾಗುವುದು ಇದರಿಂದಲೇ. "ರಾತ್ರಿಯೆಲ್ಲ ಮಲಗಿ ಎದ್ದಾಗ ಊತ ಇಳಿದಿರತ್ತೆ, ಅದಕ್ಕೇ ಇಷ್ಟು ಬೇಗ" ಎನ್ನುತ್ತಾರೆ. ದಿನಕ್ಕೆ ಆರು ಅಚ್ಚು, ಇಪ್ಪತ್ತೆರಡು ವರ್ಷ. ಎಲ್ಲರ ಬಾಯಲ್ಲೂ ಇವರು ಪಟ್ಟಿಯಕ್ಕ.

ಇವರ ತಂದೆ ಇಲ್ಲೇ ಕೃತಕ ಕಾಲುಗಳಿಗೆ ಚರ್ಮದ ಬೆಲ್ಟು ಹೊಲಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಇವರೂ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬಂದು ಕೆಲಸ ಕಲಿತರು. ಪುಸ್ತಕ ಕಲಿಸದ್ದನ್ನು ರೋಗಿಗಳು ಕಲಿಸಿದರು. ಇಲ್ಲದ ಪಾದ ಮೊಣಕಾಲಿಗೇ ಅಂಟಿಕೊಂಡಿದೆ ಎಂದು ಒಬ್ಬರು ಅಂದರೆ, ಮೊಂಡುಗಾಲು ಕುಂಬಳಕಾಯಿಯಷ್ಟಾಗಿದೆ ಎಂದು ಇನ್ನೊಬ್ಬರು. ಟೇಪು ಹಿಡಿದರೆ ಅಂಥದ್ದೇನೂ ಇರುವುದಿಲ್ಲ.

"ಕಣ್ಣು ಮುಚ್ಚಿ" ಎಂದು ಇವರ ಬಗ್ಗೆ ಬರೆಯಲು ಬಂದ ನನಗೂ ಹೇಳುತ್ತಾರೆ. ಜೋಡಿಸಿ ಕಟ್ಟಿದ ಎರಡು ಪೆನ್ಸಿಲ್ಲುಗಳ ಮೊನೆಯನ್ನು ಮೊದಲು ನನ್ನ ಬೆರಳ ತುದಿಗೆ, ಆಮೇಲೆ ಮೀನಖಂಡಕ್ಕೆ ಒತ್ತುತ್ತಾರೆ. ಬೆರಳಿಗೆ ಎರಡು ಮೊನೆ ಸ್ಪಷ್ಟ. ಕಾಲಿಗೆ ಒಂದೇ. "ಅವೇ ಪೆನ್ಸಿಲ್ಲು. ಹಲ್ಲಿನ ಸಂದೀಲಿ ಒಂದು ಎಳೆ ಸಿಕ್ಕಿದ್ರೆ ನಾಲಿಗೆಗೆ ಅದೇ ಹಗ್ಗ ಆಗಲ್ವಾ? ಚರ್ಮಕ್ಕೆ ಅಳತೆ ಗೊತ್ತಿಲ್ಲ, ಸರ್. ಸುಳ್ಳು ಹೇಳತ್ತೆ."

ಈ ಮಾತನ್ನು ಇತ್ತೀಚೆಗೆ ರೋಗಿಗಳಿಗೆ ಹೇಳುವುದನ್ನು ಬಿಟ್ಟಿದ್ದಾರೆ.

ಹೋದ ವರ್ಷ ಒಬ್ಬ ಬಸ್ ಚಾಲಕ ಬಂದಿದ್ದ. ಸಕ್ಕರೆ ಕಾಯಿಲೆಯಿಂದ ಮೊಣಕಾಲಿನ ಕೆಳಗೆ ಕತ್ತರಿಸಿದ ಕಾಲು. ಹೊಸ ಕಾಲು ಹಾಕಿದ ನಾಲ್ಕನೇ ದಿನಕ್ಕೇ ವಾಪಸು ಬಂದು, "ಅಕ್ಕಾ, ಒಳಗೊಂದು ಕಲ್ಲು ಸೇರ್ಕೊಂಡಿದೆ" ಅಂದ. ಪಟ್ಟಿಯಕ್ಕ ಬಟ್ಟಲಿನೊಳಗೆ ಬೆರಳಾಡಿಸಿದರು. ಏನೂ ಸಿಗಲಿಲ್ಲ. ಟೇಪಿನ ಲೆಕ್ಕ ಸರಿಯಿತ್ತು. ಅವನಿಗೂ ಪೆನ್ಸಿಲ್ಲಿನ ಆಟ ತೋರಿಸಿದರು. ಅವನು ನಕ್ಕುಬಿಟ್ಟ. "ಹಾಗಾದ್ರೆ ನನ್ನ ಕಾಲೇ ನನಗೆ ಟೋಪಿ ಹಾಕ್ತಿದೆ ಅನ್ನಿ" ಎಂದು ಸಮಾಧಾನವಾಗಿ ಮನೆಗೆ ಹೋದ.

ಹನ್ನೊಂದು ದಿನ ತಡೆದುಕೊಂಡ. ಹುಣ್ಣು ಒಡೆದು, ಕೀವಾಗಿ, ನಂಜು ಮೇಲೇರಿತು. ಎರಡನೇ ಸಲ ಕಾಲನ್ನು ತೊಡೆಯಲ್ಲಿ ಕತ್ತರಿಸಬೇಕಾಯಿತು.

ಪಟ್ಟಿಯಕ್ಕ ಆ ಬಟ್ಟಲನ್ನು ಸೀಳಿಸಿದರು. ಅಚ್ಚಿನ ಪಟ್ಟಿಯಲ್ಲಿ ಉಳಿದ ಒಂದು ಮಡಿಕೆಯಿಂದಾಗಿ ಒಳಗೊಂದು ಸಣ್ಣ ಗಂಟು ಎದ್ದಿತ್ತು. "ಅವನು ಕಲ್ಲು ಅಂದ. ಇದ್ದಿದ್ದು ಅಕ್ಕಿಕಾಳಿನಷ್ಟು. ಆದ್ರೆ ಇತ್ತಲ್ಲ? ನನ್ನ ಮಗಳು ಮುಟ್ಟಿದ ತಕ್ಷಣ 'ಇಲ್ಲಿದೆ ನೋಡಮ್ಮಾ' ಅಂದ್ಲು. ನಂಗೆ ಸಿಕ್ಕಿರ್ಲಿಲ್ಲ."

ಸಿಗುವುದಾದರೂ ಹೇಗೆ? ಬಟ್ಟಲು ಉಜ್ಜುವ ಯಂತ್ರ ಇಪ್ಪತ್ತೆರಡು ವರ್ಷ ಇವರ ಕೈಯನ್ನು ನಡುಗಿಸಿದೆ. ಬೆರಳ ತುದಿಗಳು ಮರಗಟ್ಟಿವೆ. "ನನ್ನ ಬೆರಳು ನಂಗೇ ಬಾಳೆಹಣ್ಣಿನಷ್ಟು ದಪ್ಪ ಅನ್ಸತ್ತೆ. ಬೆಳಗ್ಗೆ ಅಂಗಿ ಗುಂಡಿ ಹಾಕೋದೂ ಮಗಳೇ. ನಾನು ಮಾತ್ರ ಊರಿಗೆಲ್ಲ ಚರ್ಮದ ಸುಳ್ಳಿನ ಪಾಠ ಮಾಡ್ತಿದ್ದೆ."

ಮೇಲಧಿಕಾರಿಗೆ ಎಲ್ಲವನ್ನೂ ಪತ್ರದಲ್ಲಿ ಬರೆದುಕೊಟ್ಟರು. ಅವರು ಓದಿ, ಮಡಚಿ, ವಾಪಸು ಕೊಟ್ಟರು. "ಕೈ ವಿಷ್ಯ ಎಲ್ಲೂ ಬಾಯಿ ಬಿಡ್ಬೇಡಿ. ಆಮೇಲೆ ಹಳೇ ಕಾಲುಗಳನ್ನೆಲ್ಲ ತಪಾಸಣೆ ಮಾಡಿ ಅಂತಾರೆ." ಚಾಲಕನ ಕಾಲಿನ ಬಗ್ಗೆ ಆಸ್ಪತ್ರೆ ನಡೆಸಿದ ತನಿಖೆಯ ವರದಿಯಲ್ಲಿ ಕಂಡಿದ್ದು ಒಂದೇ ಸಾಲು: ಅಳತೆ ಸರಿಯಿದೆ, ರೋಗಿಯ ದೂರು ಉತ್ಪ್ರೇಕ್ಷೆ.

ಈಗ ಪ್ರತಿ ಬಟ್ಟಲಿನೊಳಗೂ ಹಳೆಯ ನೈಲಾನ್ ಕಾಲುಚೀಲವೊಂದನ್ನು ಎಳೆದು ನೋಡುತ್ತಾರೆ. ಗಂಟಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ. ಹೀಗೆ ಮಾಡಿ ಎಂದು ಯಾರೂ ಹೇಳಿದ್ದಲ್ಲ. ಬೇರೆ ಕೆಲಸ ಕೊಡಿ ಎಂದು ಕೇಳಿದ್ದಕ್ಕೆ, ಅಚ್ಚು ತೆಗೆಯಲು ಇನ್ನೊಬ್ಬರಿಲ್ಲ ಎಂಬ ಉತ್ತರ ಸಿಕ್ಕಿದೆ.

ಎರಡು ತಿಂಗಳ ಹಿಂದೆ ಚಾಲಕ ಮತ್ತೆ ಬಂದ, ತೊಡೆಯ ಅಚ್ಚು ಕೊಡಲು. ಪಟ್ಟಿಯಕ್ಕ ಬಕೆಟ್ಟು ಪಕ್ಕಕ್ಕಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನಾನು ಸುಳ್ಳ ಅಂತ ನನ್ನ ಹೆಂಡತಿ ಕೂಡ ನಂಬಿದ್ಲು ಅಕ್ಕಾ" ಎಂದ ಅವನು. "ಇಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ನಿಮ್ಮ ಹತ್ರ ಬರ್ತಿರ್ಲಿಲ್ಲ." ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೇ ತೊಡೆಯನ್ನು ಮುಂದೆ ಚಾಚಿದ. ಪಟ್ಟಿಯಕ್ಕ ಅಚ್ಚು ತೆಗೆದರು.

ಹೊರಡುವ ಮುನ್ನ, ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಮೇಜಿನ ಮೇಲಿನ ಹುಡಿ ಒರೆಸುತ್ತಾ ಹೇಳುತ್ತಾರೆ:

"ಆ ವರದೀಲಿ ಒಂದು ಸಾಲು ತಿದ್ದಲಿ ಸಾಕು. ಅವನು ನೋವು ಅಂದಿದ್ದು ನಿಜ ಅಂತ. ತಪ್ಪು ನಂದು ಅಂತಾನೂ ಬರೀಲಿ, ನಾನೇ ಸಹಿ ಹಾಕ್ತೀನಿ."