ಕೊಪ್ಪರಿಗೆ ಅಕ್ಕನ ಕುರ್ಚಿ

ಊರಿನ ಸಮುದಾಯ ಭವನದಲ್ಲಿ ನಾಲ್ಕು ದೊಡ್ಡ ಕೊಪ್ಪರಿಗೆಗಳಿದ್ದವು. ಮದುವೆಯಿರಲಿ, ಸಾವಿರಲಿ, ಊರು ಉಂಡದ್ದು ಅವುಗಳಲ್ಲಿ ಬೆಂದದ್ದನ್ನೇ. ಅವನ್ನು ಕೇಳಿದವರಿಗೆ ಕೊಡುವುದು, ಕರಿ ಹಿಡಿದು ಬಂದಾಗ ಅರ್ಧ ಮೈ ಒಳಗಿಳಿಸಿ ಬೂದಿ ಹಾಕಿ ತಿಕ್ಕುವುದು ಹಿಂದಿನ ಬೀದಿಯ ವಿಧವೆಯೊಬ್ಬಳ ಕೆಲಸ. ಅತ್ತೆಯಿಂದ ಬಂದ ಆಸ್ತಿ ಅದೊಂದೇ. ಸಂಬಳದ ಮಾತು ಯಾರೂ ಆಡಿರಲಿಲ್ಲ. ಬದಲಿಗೆ ಊರು ಅವಳಿಗೆ ಕೊಪ್ಪರಿಗೆ ಅಕ್ಕ ಎಂಬ ಬಿರುದು ಕೊಟ್ಟಿತ್ತು. ಬಿರುದಿಗೆ ಖರ್ಚಿಲ್ಲ.

ಊರಿಗೆ ನೂರು ವರ್ಷ ತುಂಬುತ್ತದೆಂದು ಗಂಡಸರಿಗೆ ಇದ್ದಕ್ಕಿದ್ದಂತೆ ಹೊಳೆದು ಇತಿಹಾಸ ಸಮಿತಿ ಹುಟ್ಟಿತು. ಅಧ್ಯಕ್ಷ ಅವಳ ಮೈದುನ, ನಿವೃತ್ತ ಮೇಷ್ಟ್ರು. ತಿಂಗಳುಗಟ್ಟಲೆ ಚಹಾ ಕುಡಿದು (ಲೋಟ ತೊಳೆದವರು ಯಾರೆಂದು ಹೇಳಬೇಕಿಲ್ಲ) ಭವನದಲ್ಲೊಂದು ಇತಿಹಾಸದ ಕೋಣೆ ಮಾಡಿದರು. ಕೊಪ್ಪರಿಗೆಗಳನ್ನು ಅವಳಿಂದಲೇ ಫಳಫಳ ತಿಕ್ಕಿಸಿ, ಗಾಜಿನ ಗೂಡಿನಲ್ಲಿಟ್ಟು ಮೊಳೆ ಹೊಡೆಸಿದರು. ಕೆಳಗೆ ಫಲಕ: 'ನಮ್ಮ ಹಿರಿಯರ ದುಡಿಮೆಯ ಕುರುಹು. ಮುಟ್ಟಬಾರದು.' ಗೋಡೆಯ ಮೇಲೆ ನೇತುಹಾಕಿದ ಹಿರಿಯರಿಗೆಲ್ಲ ಮೀಸೆಯಿತ್ತು.

ಅವಳು ಕೇಳಿದ್ದು ಒಂದೇ. "ಸಮಾರಂಭದ ದಿನ ಮುಂದಿನ ಸಾಲಲ್ಲಿ ನನಗೊಂದು ಕುರ್ಚಿ ಹಾಕಿಸಪ್ಪ. ಇಷ್ಟು ವರ್ಷ ಭಾಷಣವನ್ನೆಲ್ಲ ಅಡುಗೆಮನೆ ಗೋಡೆಯಾಚೆಯಿಂದಲೇ ಕೇಳಿದ್ದಾಯ್ತು."

"ಒಳ್ಳೇ ತಮಾಷೆ ಅತ್ತಿಗೆ! ನೀವು ಕೂತ್ರೆ ಅಡುಗೆ ನೋಡ್ಕೊಳ್ಳೋರು ಯಾರು?"

ಆ ದಿನ ಅವಳು ಮನೆಯ ಕುರ್ಚಿಯನ್ನೇ ಹೊತ್ತು ತಂದು, ಮುಂದಿನ ಸಾಲಿನಲ್ಲಿ ಹಾಕಿ ಕೂತಳು. ಭಾಷಣ ಶುರುವಾಗುವ ಮೊದಲೇ ಮೈದುನ ಬೆವರುತ್ತ ಓಡಿ ಬಂದ.

"ಅತ್ತಿಗೆ, ಅಡುಗೆಯವನು ಪಾತ್ರೆ ಎಲ್ಲಿ ಅಂತಿದ್ದಾನೆ! ಇಡೀ ಊರನ್ನ ಊಟಕ್ಕೆ ಕರೆದಿದ್ದೀವಿ!"

"ಗಾಜಿನೊಳಗೆ ಇವೆಯಲ್ಲ."

"ಅದನ್ನ ಒಡೆಯೋಕಾಗತ್ತಾ? ಅತಿಥಿಗಳು ನೋಡೋಕೆ ಬರ್ತಿರೋದೇ ಅದನ್ನ! ನೀವೇ ಮನೆಮನೆಗೆ ಹೋಗಿ ಪಾತ್ರೆ ತಂದ್ಬಿಡಿ. ನಿಮಗಾದ್ರೆ ಯಾರೂ ಇಲ್ಲ ಅನ್ನಲ್ಲ."

ಅವಳ ಕಾಲುಗಳು ತಾವಾಗಿ ಎದ್ದವು, ಅಭ್ಯಾಸಬಲ. ಆದರೆ ಎದ್ದರೆ ಕುರ್ಚಿ ಇನ್ಯಾರದೋ ಪಾಲು. ಅದರ ಕೈಗಳನ್ನು ಗಟ್ಟಿಯಾಗಿ ಹಿಡಿದು ಮತ್ತೆ ಕೂತಳು.

"ನಾನು ಎದ್ರೆ ಭಾಷಣ ಕೇಳೋರು ಯಾರಪ್ಪ?"

ಇತಿಹಾಸ ಸಮಿತಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮನೆಮನೆ ಅಲೆದು, ಪಾತ್ರೆ ಹೊತ್ತು ಬಂತು. ಮಧ್ಯಾಹ್ನದ ಊಟ ಸಂಜೆಗಾಯಿತು. ಅವಳು ಭಾಷಣಗಳನ್ನೆಲ್ಲ ಕೇಳಿದಳು. ಒಂದರಲ್ಲೂ ಅವಳಿರಲಿಲ್ಲ, ಆದರೂ ಕುರ್ಚಿಯಲ್ಲಿ ನಿದ್ದೆ ಚೆನ್ನಾಗಿ ಬಂತು.

ಕೊನೆಗೆ ಹಿತ್ತಲಲ್ಲಿ ಕರಿ ಹಿಡಿದ ಪಾತ್ರೆಗಳ ಗುಡ್ಡೆ ನೋಡಿ ಮೈದುನ ತಲೆ ಕೆರೆದುಕೊಂಡ. "ಅತ್ತಿಗೆ, ಇವನ್ನ ತೊಳೆಯೋದು...?"

"ಸಮಿತಿ ಇದೆಯಲ್ಲಪ್ಪ, ಕೂತು ತೀರ್ಮಾನ ಮಾಡಿ. ಬೂದಿ ಒಲೆಯಲ್ಲೇ ಇದೆ" ಎಂದು ಅವಳು ಕುರ್ಚಿ ಎತ್ತಿಕೊಂಡು ಮನೆಗೆ ಹೊರಟಳು.